ಚರಣದಲ್ಲಿ ದನಿ ಒಡೆಯುತ್ತಿದೆಯಾ? ಕರೋಕೆ ಹಾಡನ್ನು ನಿಮ್ಮ ಗಂಟಲಿಗೆ ಹೊಂದಿಸುವ ಕೈಪಿಡಿ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಸೊಸೈಟಿ ಹಾಲ್‌ನಲ್ಲಿ ತಿಂಗಳಿಗೊಂದು ಶನಿವಾರ ಕನ್ನಡದವರೆಲ್ಲ ಸೇರಿ ಕರೋಕೆ ಹಾಡುತ್ತೇವೆ. ಲ್ಯಾಪ್‌ಟಾಪ್, ಸ್ಪೀಕರ್, ಮೈಕ್ ನೋಡಿಕೊಳ್ಳುವುದು ನನ್ನ ಕೆಲಸ. ಹೋದ ಮಳೆಗಾಲದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಹಾಡೊಂದನ್ನು ಎತ್ತಿಕೊಂಡರು. ಪಲ್ಲವಿ ಬಹಳ ಚೆನ್ನಾಗಿ ಬಂತು. ಚರಣದ ಎರಡನೇ ಸಾಲಿಗೆ ಗದ್ದ ಮೇಲೆದ್ದಿತು, ಕತ್ತಿನ ನರ ಉಬ್ಬಿತು, ದನಿ ಕಿರ್ ಎಂದು ಒಡೆಯಿತು. "ವಯಸ್ಸಾಯ್ತು, ಇನ್ನು ನಮ್ಮ ಕೈಲಾಗಲ್ಲ" ಎಂದು ಮೈಕ್ ಕೆಳಗಿಟ್ಟರು. ನಾನು ಟ್ರ್ಯಾಕನ್ನು (ಹಾಡುಗರ ದನಿ ಇಲ್ಲದ ಹಿನ್ನೆಲೆ ಸಂಗೀತವನ್ನು) ಮೂರು ಮೆಟ್ಟಿಲು, ಅಂದರೆ ಕೀಬೋರ್ಡಿನ ಮೂರು ಕೀಯಷ್ಟು, ಇಳಿಸಿ, "ಸರ್, ಇನ್ನೊಂದ್ ಸಲ ಹಾಡಿ ನೋಡಿ" ಅಂದೆ. ಅದೇ ಗಂಟಲು, ಅದೇ ಹಾಡು. ಈ ಸಲ ಚರಣ ಮುಗಿಯುವವರೆಗೂ ಗದ್ದ ಇದ್ದಲ್ಲೇ ಇತ್ತು.

ಅವರ ಗಂಟಲಿನಲ್ಲಿ ದೋಷ ಇರಲಿಲ್ಲ. ಟ್ರ್ಯಾಕ್ ಇನ್ನೊಬ್ಬರ ಗಂಟಲಿನ ಅಳತೆಗಿತ್ತು, ಅಷ್ಟೇ. ಮೂಲ ಗಾಯಕರ ಸ್ಕೇಲ್‌ನಲ್ಲೇ, ಅಂದರೆ ಅವರು ಹಾಡಿದ ಎತ್ತರದಲ್ಲೇ, ಹಾಡಿದರೆ ಮಾತ್ರ ಮರ್ಯಾದೆ ಎಂದು ನಮ್ಮಲ್ಲಿ ಸುಮಾರು ಜನ ನಂಬಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಜಪಾನಿನ ಕೋಬೆಯಲ್ಲಿ ಡೈಸುಕೆ ಇನೊಯೆ ಎಂಬ ವಾದಕರು 1971ರಲ್ಲಿ ಜೂಕ್ 8 ಎಂಬ ಕರೋಕೆ ಯಂತ್ರ ಕಟ್ಟಿದರು. ಅದರ ಹಿಂದೆ ಒಬ್ಬ ಗಿರಾಕಿ ಇದ್ದ. ಪ್ರವಾಸದಲ್ಲಿ ಅವನಿಗೆ ಹಾಡಬೇಕಿತ್ತು, ಇನೊಯೆಗೆ ಜೊತೆಗೆ ಹೋಗಲು ಆಗಲಿಲ್ಲ. ವಾದ್ಯ ನುಡಿಸಿ ಟೇಪ್ ಮಾಡಿಕೊಟ್ಟರು. ಅಂದರೆ ಒಬ್ಬ ಹಾಡುಗನ ಅನುಕೂಲಕ್ಕೆ ಮಾಡಿದ ಟೇಪಿನಿಂದಲೇ ಈ ಸಂಪ್ರದಾಯ ಬೆಳೆದಿದೆ. ನಿಮಗೆ ಹೊಂದಿಸಿಕೊಳ್ಳಲು ಯಾಕೆ ಸಂಕೋಚ?

ಮುಂದೆ ಒಂದೊಂದು ಲಕ್ಷಣವನ್ನೂ ಬೇರೆ ಬೇರೆ ಬರೆದಿದ್ದೇನೆ. ಪ್ರತಿಯೊಂದರಲ್ಲೂ ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ. ಮೈಕ್ ಮುಟ್ಟಿದಾಗ ಕರೆಂಟ್ ಹೊಡೆದ ಹಾಗಾದರೆ ಅಥವಾ ಗಂಟಲು ನೋಯುತ್ತಿದ್ದರೆ ಮಾತ್ರ ನೇರವಾಗಿ ಕೊನೆಯ ಎರಡು ಭಾಗ ಓದಿ.

ಎಲ್ಲಕ್ಕಿಂತ ಮೊದಲು: ಎರಡು ತುದಿ ಬರೆದಿಟ್ಟುಕೊಳ್ಳಿ

ಇದಕ್ಕೆ ಹತ್ತು ನಿಮಿಷ ಸಾಕು. ಫೋನಿನಲ್ಲಿ ಒಂದು ಉಚಿತ ಟ್ಯೂನರ್ ಆ್ಯಪ್ ಬೇಕು. ನೀವು ಹಾಡಿದ ಸ್ವರ ಯಾವುದು ಎಂದು ಅದು ತೋರಿಸುತ್ತದೆ. ಮನೆಯಲ್ಲಿ ಹಾರ್ಮೋನಿಯಂ ಅಥವಾ ಕೀಬೋರ್ಡ್ ಇದ್ದರೆ ಇನ್ನೂ ಸುಲಭ.

ಸಲೀಸಾದ ಒಂದು ಸ್ವರದಲ್ಲಿ ಬಾಯಿ ತೆರೆದು "ಆ" ಎನ್ನಿ. ಒಂದೊಂದೇ ಕೀ ಮೇಲೆ ಹೋಗಿ. ಪ್ರತಿ ಸ್ವರವನ್ನೂ ಐದು ಎಣಿಸುವವರೆಗೆ ಹಿಡಿಯಿರಿ. ಗದ್ದ ಮೇಲೇಳುವ, ದನಿ ಬಿಗಿಯುವ ಅಥವಾ ಕಳ್ಳದನಿಗೆ (ತೆಳುವಾದ ಕೃತಕ ಮೇಲ್ದನಿಗೆ) ಜಾರುವ ಜಾಗ ಬರುತ್ತದೆ. ಅಲ್ಲಿಂದ ಎರಡು ಕೀ ಕೆಳಗೆ ಬನ್ನಿ. ಅದೇ ನಿಮ್ಮ ಮೇಲಿನ ತುದಿ. ಹೀಗೇ ಕೆಳಗೂ ಇಳಿಯಿರಿ. ದನಿ ಗಾಳಿಯಾಗುವ ಜಾಗಕ್ಕಿಂತ ಒಂದು ಕೀ ಮೇಲಿನದ್ದು ನಿಮ್ಮ ಕೆಳಗಿನ ತುದಿ. ಒಮ್ಮೆ ಕಷ್ಟಪಟ್ಟು ಮುಟ್ಟಿದ ಸ್ವರವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಾಡಿನಲ್ಲಿ ಅದೇ ಸ್ವರ ಆರೇಳು ಸಲ ಬರುತ್ತದೆ, ಅದರ ಮೇಲೆ ಪದವನ್ನೂ ಹೇಳಬೇಕು.

ಇನ್ನು ಹಾಡಿನ ತುದಿ. ಮೂಲ ಹಾಡು ಹಾಕಿ, ಅತಿ ಎತ್ತರಕ್ಕೆ ಹೋಗುವ ಅಕ್ಷರ ಯಾವುದು ಎಂದು ಹುಡುಕಿ. ಹೆಚ್ಚಿನ ಹಾಡುಗಳಲ್ಲಿ ಅದು ಚರಣದ ನಡುವೆ ಇರುತ್ತದೆ. ವಾದ್ಯಗಳು ಜೊತೆಗಿದ್ದಾಗ ಟ್ಯೂನರ್ ಗೊಂದಲಕ್ಕೆ ಬೀಳುತ್ತದೆ. ಅದಕ್ಕೇ ಅಲ್ಲಿ ಹಾಡು ನಿಲ್ಲಿಸಿ, ಆ ಅಕ್ಷರವನ್ನು ನೀವೇ ಗುನುಗಿ ಟ್ಯೂನರಿಗೆ ಕೇಳಿಸಿ. ಅಷ್ಟು ಎತ್ತರ ಬರದಿದ್ದರೆ ಒಂದು ಸ್ಥಾಯಿ, ಅಂದರೆ ಹನ್ನೆರಡು ಕೀ, ಕೆಳಗೆ ಗುನುಗಿ. ಸ್ವರದ ಹೆಸರು ಒಂದೇ, ಪಕ್ಕದ ಅಂಕಿಗೆ ಒಂದು ಸೇರಿಸಿಕೊಂಡರಾಯಿತು. ಟ್ಯೂನರ್‌ನಲ್ಲಿ "ಸಿ 4" ಎಂದು ಬಂದರೆ ಅದು ಕೀಬೋರ್ಡಿನ ನಡುವಿನ ಸಿ, 261.6 ಹರ್ಟ್ಸ್. ಅದಕ್ಕಿಂತ ಒಂದು ಸ್ಥಾಯಿ ಕೆಳಗಿನದು ಸಿ 3.

ಉದಾಹರಣೆಗೆ ನಿಮ್ಮ ತುದಿಗಳು ಎ 2 ಮತ್ತು ಇ 4 ಎಂದಿಟ್ಟುಕೊಳ್ಳಿ. ಹಾಡಿನದು ಡಿ 3 ಮತ್ತು ಜಿ 4. ಮೇಲಿನ ತುದಿಗಳ ನಡುವೆ ಕಪ್ಪು ಬಿಳಿ ಎಲ್ಲ ಕೀ ಎಣಿಸಿ. ಜಿ ಯಿಂದ ಇ ಗೆ ಇಳಿಯಲು ಮೂರು ಮೆಟ್ಟಿಲು. ಅಂದರೆ ಟ್ರ್ಯಾಕನ್ನು ಮೈನಸ್ 3 ಮಾಡಬೇಕು. ಆಗ ಹಾಡಿನ ಕೆಳಗಿನ ಸ್ವರ ಡಿ 3 ಯಿಂದ ಬಿ 2 ಗೆ ಬರುತ್ತದೆ. ನಿಮ್ಮ ಎ 2 ಅದಕ್ಕೂ ಕೆಳಗಿದೆ, ಹಾಗಾಗಿ ಅಡ್ಡಿಯಿಲ್ಲ. ಮೈನಸ್ 5ರವರೆಗೂ ಈ ಹಾಡು ನಿಮಗೆ ಹಿಡಿಯುತ್ತದೆ. ಹಾಡಿನ ಸ್ಕೇಲ್ ಯಾವುದು, ರಾಗ ಯಾವುದು ಎಂಬುದು ಗೊತ್ತಿಲ್ಲದಿದ್ದರೂ ಈ ಲೆಕ್ಕ ನಡೆಯುತ್ತದೆ.

ಹೆಸರಿನ ಗೊಂದಲ: ನಿಮ್ಮ ಐದು, ಅವರ ಐದು

ಮುಂಬೈಯಲ್ಲಿ ಒಂದೇ ಸ್ವರಕ್ಕೆ ನಾಲ್ಕು ಹೆಸರು ಕೇಳುತ್ತೀರಿ. ಯಕ್ಷಗಾನದವರು ಕಪ್ಪು, ಬಿಳಿ ಎನ್ನುತ್ತಾರೆ. ಮರಾಠಿಯವರು ಕಾಳಿ, ಪಾಂಢರಿ ಎನ್ನುತ್ತಾರೆ, ಸ್ಕೇಲ್‌ಗೆ ಪಟ್ಟಿ ಎನ್ನುತ್ತಾರೆ. ಕರ್ನಾಟಕ ಸಂಗೀತ ಕಲಿತವರು ಮನೆ ಲೆಕ್ಕ ಹೇಳುತ್ತಾರೆ. ಕೀಬೋರ್ಡಿನ ಹುಡುಗರು ಸಿ, ಡಿ, ಇ ಎನ್ನುತ್ತಾರೆ.

ಸಿ ಯಿಂದ ಶುರು ಮಾಡಿ ಹನ್ನೆರಡು ಕೀಗಳ ಸಾಲು ಹೀಗಿದೆ: ಬಿಳಿ 1, ಕಪ್ಪು 1, ಬಿಳಿ 2, ಕಪ್ಪು 2, ಬಿಳಿ 3, ಬಿಳಿ 4, ಕಪ್ಪು 3, ಬಿಳಿ 5, ಕಪ್ಪು 4, ಬಿಳಿ 6, ಕಪ್ಪು 5, ಬಿಳಿ 7. ಬಿಳಿ 3 ಮತ್ತು 4ರ ನಡುವೆ ಕಪ್ಪಿಲ್ಲ. ಎಣಿಸುವಾಗ ಜನ ತಪ್ಪುವುದು ಇಲ್ಲೇ. ಮನೆ ಲೆಕ್ಕದಲ್ಲಿ ಪೂರ್ಣ ಅಂಕಿಗಳೆಲ್ಲ ಬಿಳಿ, ಅರ್ಧಗಳೆಲ್ಲ ಕಪ್ಪು. ಐದೂವರೆ ಮನೆ ಎಂದರೆ ಕಪ್ಪು 4, ಅದೇ ಕಾಳಿ ಚಾರ್, ಅದೇ ಜಿ ಶಾರ್ಪ್.

ಪಕ್ಕದ ಠಾಣೆ ಊರಿನಲ್ಲಿ ಒಂದು ಗಣಪತಿ ಕಾರ್ಯಕ್ರಮ. ನಮ್ಮ ಕಡೆಯ ಅಕ್ಕ ಒಬ್ಬರು ಕೀಬೋರ್ಡಿನವರಿಗೆ "ಐದು" ಅಂದರು. ಅವರ ಮನಸ್ಸಿನಲ್ಲಿದ್ದದ್ದು ಐದು ಮನೆ, ಅಂದರೆ ಬಿಳಿ 5. ಕೀಬೋರ್ಡಿನವರು ಹಿಡಿದದ್ದು ಕಾಳಿ ಪಾಚ್. ಮೂರು ಮೆಟ್ಟಿಲು ಮೇಲೆ! ಅಕ್ಕ ದೇವರ ನಾಮದ ಮೊದಲ ಸಾಲಿಗೇ ತಬ್ಬಿಬ್ಬಾದರು. ಕೇಳಿದವರು "ಇವತ್ತು ಅವರ ದನಿ ಸರಿ ಇಲ್ಲ" ಎಂದುಕೊಂಡರು. ದನಿ ಸರಿಯಾಗೇ ಇತ್ತು. ಅಂದಿನಿಂದ ನಾನು ಎಲ್ಲರಿಗೂ ಬಣ್ಣ ಮತ್ತು ಅಂಕಿ ಎರಡನ್ನೂ ಸೇರಿಸಿ ಹೇಳಲು ಹೇಳುತ್ತೇನೆ. ಸುಮ್ನೆ "ಐದು" ಅನ್ನಬೇಡಿ.

ಲಕ್ಷಣ: ಪಲ್ಲವಿ ಸರಾಗ, ಚರಣದಲ್ಲಿ ದನಿ ಒಡೆಯುತ್ತದೆ

ಹತ್ತರಲ್ಲಿ ಏಳು ಜನ ನನ್ನ ಹತ್ತಿರ ತರುವ ದೂರು ಇದೇ. ಕಾರಣವೂ ಹೆಚ್ಚಾಗಿ ಒಂದೇ. ಸ್ಕೇಲ್ ನೋಡುವಾಗ ಪಲ್ಲವಿ ಮಾತ್ರ ಹಾಡಿ ನೋಡಿರುತ್ತಾರೆ. ನಮ್ಮ ಸಿನಿಮಾ ಹಾಡು, ಭಾವಗೀತೆ ಎರಡರಲ್ಲೂ ಪಲ್ಲವಿ ಮಧ್ಯ ಸ್ಥಾಯಿಯಲ್ಲಿ ಓಡಾಡಿಕೊಂಡಿರುತ್ತದೆ. ಚರಣ ಮೇಲಿನ ಸಾ (ಒಂದು ಸ್ಥಾಯಿ ಮೇಲಿನ ಆಧಾರ ಸ್ವರ) ದಾಟುತ್ತದೆ. ಪಲ್ಲವಿ ಹಿತವಾಗಿದೆ ಎಂದು ಸ್ಕೇಲ್ ಇಟ್ಟರೆ ಚರಣದಲ್ಲಿ ಸಿಕ್ಕಿಬೀಳುತ್ತೀರಿ.

ಮೊದಲ ಪರೀಕ್ಷೆ: ಟ್ರ್ಯಾಕ್ ಇಲ್ಲದೆ, ಮೈಕ್ ಇಲ್ಲದೆ ಚರಣದ ಆ ಒಂದು ಸಾಲನ್ನು ನಿಮಗೆ ತೋಚಿದ ಶ್ರುತಿಯಲ್ಲಿ ಹಾಡಿ. ಸಲೀಸಾಗಿ ಬಂತಾ? ಹಾಗಾದರೆ ಹಾಡು ನಿಮಗೆ ಬರುತ್ತದೆ, ಸ್ಕೇಲ್ ಮಾತ್ರ ಹೊಂದುತ್ತಿಲ್ಲ. ಇಲ್ಲೂ ಎಡವಿದರೆ ಸಮಸ್ಯೆ ಸಾಲಿನ ಗಮಕದಲ್ಲೋ ಉಸಿರಿನಲ್ಲೋ ಇದೆ. ಸ್ಕೇಲ್ ಎಷ್ಟು ಇಳಿಸಿದರೂ ಅದು ಹೋಗುವುದಿಲ್ಲ.

ಎರಡನೆಯದು: ಉಸಿರು ಎಲ್ಲಿ ತೆಗೆದುಕೊಳ್ಳುತ್ತಿದ್ದೀರಿ ನೋಡಿ. ಎತ್ತರದ ಅಕ್ಷರ ಸಾಲಿನ ಕೊನೆಯಲ್ಲಿದ್ದರೆ ಅಷ್ಟರಲ್ಲಿ ಉಸಿರು ಮುಗಿದಿರುತ್ತದೆ. ಅದಕ್ಕೆ ಎರಡು ಪದ ಹಿಂದೆ ಒಂದು ಚಿಕ್ಕ ಉಸಿರು ಎಳೆದರೆ ಎಷ್ಟೋ ಸಲ ಸ್ಕೇಲ್ ಮುಟ್ಟದೆಯೇ ಸರಿಹೋಗುತ್ತದೆ.

ಆಮೇಲೆ ಟ್ರ್ಯಾಕ್ ಇಳಿಸಿ (ಹೇಗೆ ಎಂಬುದು ಮುಂದೆ ಅಡಾಸಿಟಿ ಬಗ್ಗೆ ಬರೆದ ಕಡೆ ಇದೆ). ಒಮ್ಮೆಗೇ ಐದು ಇಳಿಸಬೇಡಿ. ಮೈನಸ್ 1, ಚರಣ ಹಾಡಿ. ಮೈನಸ್ 2, ಚರಣ ಹಾಡಿ. ಪ್ರತಿ ಸಲವೂ ಗದ್ದದ ಮೇಲೆ ಒಂದು ಬೆರಳು ಇಟ್ಟುಕೊಳ್ಳಿ. ಬೆರಳು ಮೇಲೇಳದ ಮೊದಲ ಅಂಕಿಯೇ ನಿಮ್ಮದು. ಗಂಡಸರಲ್ಲಿ ಹೆಚ್ಚಿನವರಿಗೆ ನಡುವಿನ ಸಿ ಯಿಂದ ಮೇಲೆ ಡಿ, ಇ, ಎಫ್ ಸುತ್ತಮುತ್ತ ದನಿ ಒಂದು ಹದದಿಂದ ಇನ್ನೊಂದಕ್ಕೆ ತಿರುಗುತ್ತದೆ. ಚರಣದ ಮುಖ್ಯ ಸ್ವರ ಸರಿಯಾಗಿ ಈ ತಿರುವಿನ ಮೇಲೆ ಕೂತಿದ್ದರೆ ಒಂದೇ ಒಂದು ಮೆಟ್ಟಿಲು ಇಳಿಸಿದರೂ ಹಗಲು ರಾತ್ರಿಯ ವ್ಯತ್ಯಾಸ ಕಾಣುತ್ತದೆ.

ಕಂಡುಕೊಂಡ ಅಂಕಿಯನ್ನು ಬರೆದಿಡಿ. ನನ್ನ ಹತ್ತಿರ ಒಂದು ನೂರು ಪುಟದ ನೋಟ್‌ಬುಕ್ ಇದೆ. ಯಾರು, ಯಾವ ಹಾಡು, ಯಾವ ಟ್ರ್ಯಾಕ್, ಎಷ್ಟು ಮೈನಸ್, ಯಾವ ತಿಂಗಳು. ಟ್ರ್ಯಾಕಿನ ಹೆಸರು ಯಾಕೆ ಎಂದರೆ ಒಂದೇ ಹಾಡಿನ ಕರೋಕೆಯನ್ನು ಬೇರೆ ಬೇರೆಯವರು ಬೇರೆ ಬೇರೆ ಸ್ಕೇಲ್‌ನಲ್ಲಿ ಮಾಡಿರುತ್ತಾರೆ. ಒಂದು ಟ್ರ್ಯಾಕಿಗೆ ಸರಿಹೋದ ಮೈನಸ್ 2 ಇನ್ನೊಂದಕ್ಕೆ ಸರಿಹೋಗಬೇಕಾಗಿಲ್ಲ.

ಲಕ್ಷಣ: ಮೇಲಿನ ಸಾಲು ಚೆನ್ನಾಗಿದೆ, ಕೆಳಗಿನ ಸಾಲು ಕೇಳಿಸುವುದೇ ಇಲ್ಲ

ಮೈಕ್ ಹತ್ತಿರ ಹಿಡಿಯಿರಿ. ಸಾಮಾನ್ಯ ಹಾಡುವ ಮೈಕ್‌ಗಳಲ್ಲಿ ಬಾಯಿ ಹತ್ತಿರವಾದಷ್ಟೂ ಕೆಳಗಿನ ದನಿ ದಪ್ಪವಾಗುತ್ತದೆ. ಮೇಲಿನ ಸಾಲಿಗೆ ನಾಲ್ಕು ಬೆರಳು ದೂರ, ಕೆಳಗಿನ ಸಾಲಿಗೆ ಎರಡು ಬೆರಳು. ಇದೊಂದರಿಂದಲೇ ಒಂದು ಮೆಟ್ಟಿಲಿನ ಕೊರತೆ ಮುಚ್ಚಿಹೋಗುತ್ತದೆ.

ಆಗಲಿಲ್ಲವಾ? ಟ್ರ್ಯಾಕ್ ಒಂದೆರಡು ಮೆಟ್ಟಿಲು ಏರಿಸಿ. ಪಿ.ಬಿ. ಶ್ರೀನಿವಾಸ್ ಅವರ ಎಷ್ಟೋ ಹಾಡುಗಳಲ್ಲಿ ಕೆಳಗಿನ ಸ್ವರಗಳೇ ಜೀವ. ತೆಳು ದನಿಯವರು ಅವನ್ನು ಮೂಲ ಸ್ಕೇಲ್‌ನಲ್ಲಿ ಹಾಡಿದರೆ ಅರ್ಧ ಹಾಡು ಸ್ಪೀಕರಿಗೆ ಮುಟ್ಟುವುದೇ ಇಲ್ಲ. ಏರಿಸಿದಾಗ ಚರಣ ಒಡೆಯಿತು, ಇಳಿಸಿದಾಗ ಪಲ್ಲವಿ ಮುಳುಗಿತು ಎಂದಾದರೆ ಹಾಡಿನ ಅಗಲ ನಿಮ್ಮ ಅಗಲಕ್ಕಿಂತ ದೊಡ್ಡದು. ಯಾವ ಗುಂಡಿ ಒತ್ತಿದರೂ ಇದು ಸರಿಹೋಗುವುದಿಲ್ಲ. ಆ ಒಂದು ಸಾಲನ್ನು ಬೇರೆ ಸ್ವರದಲ್ಲಿ ತಿರುಗಿಸಿ ಹಾಡಿ, ಜೊತೆಗಾರರಿಗೆ ಬಿಟ್ಟುಕೊಡಿ, ಇಲ್ಲವೇ ಬೇರೆ ಹಾಡು ಆರಿಸಿ.

ಲಕ್ಷಣ: ಹೆಣ್ಣುದನಿಯ ಹಾಡು ಗಂಡಸಿಗೆ, ಗಂಡುದನಿಯ ಹಾಡು ಹೆಂಗಸಿಗೆ ಎಲ್ಲೂ ಹಿಡಿಯುವುದಿಲ್ಲ

ಮೂಲ ಸ್ಕೇಲ್‌ನಲ್ಲಿ ಹಾಡಿದರೆ ಒಂದೋ ಪಾತಾಳ, ಇಲ್ಲವೇ ಆಕಾಶ. ಇಲ್ಲಿ ಹೆಚ್ಚಿನವರು ಮಾಡುವುದು ತಲೆಕೆಳಗಾದ ಕೆಲಸ. ನನಗೂ ಇದು ಅರ್ಥವಾಗಲು ವರ್ಷ ಹಿಡಿಯಿತು. ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ನಮ್ಮಲ್ಲಿ ಗಂಡಸರ ಸಾ, ಅಂದರೆ ಹಾಡಿನ ಆಧಾರ ಸ್ವರ, ಸಾಮಾನ್ಯವಾಗಿ ಬಿಳಿ 1, ಕಪ್ಪು 1, ಬಿಳಿ 2ರ ಹತ್ತಿರ. ಹೆಂಗಸರದು ಬಿಳಿ 5, ಕಪ್ಪು 4, ಬಿಳಿ 6ರ ಹತ್ತಿರ. ನಡುವೆ ಸುಮಾರು ಏಳು ಮೆಟ್ಟಿಲು. ಬಿಳಿ 5ರಲ್ಲಿರುವ ಹೆಣ್ಣುದನಿಯ ಹಾಡನ್ನು ಬಿಳಿ 1ರವರು ಹಾಡಬೇಕು ಎಂದುಕೊಳ್ಳಿ. ಏಳು ಇಳಿಸಬೇಕು ಅಲ್ವಾ? ಇಳಿಸಿದರೆ ವಾದ್ಯಗಳೆಲ್ಲ ಕೆಸರಿನಲ್ಲಿ ಹೂತ ಹಾಗೆ ಕೇಳುತ್ತವೆ. ಆದರೆ ಒಂದು ಸ್ಥಾಯಿಯಲ್ಲಿ ಇರುವುದು ಹನ್ನೆರಡು ಮೆಟ್ಟಿಲು. ಏಳು ಇಳಿದರೂ ಬಿಳಿ 1, ಐದು ಏರಿದರೂ ಬಿಳಿ 1. ಹಾಗಾಗಿ ಟ್ರ್ಯಾಕನ್ನು ಐದು ಏರಿಸಿ, ನೀವು ಒಂದು ಸ್ಥಾಯಿ ಕೆಳಗೆ ಹಾಡಿ. ಟ್ರ್ಯಾಕ್ ಕೆಡುವುದು ಕಡಿಮೆ, ಗಂಟಲಿಗೂ ಹಿತ.

ಹೆಂಗಸರಿಗೆ ಇದರ ಉಲ್ಟಾ. ಗಂಡುದನಿಯ ಹಾಡನ್ನು ನಾಲ್ಕೋ ಐದೋ ಇಳಿಸಿ, ಒಂದು ಸ್ಥಾಯಿ ಮೇಲೆ ಹಾಡಿ. ಗಂಡಸು ಏರಿಸಬೇಕು, ಹೆಂಗಸು ಇಳಿಸಬೇಕು. ಕೇಳಲು ವಿಚಿತ್ರ, ಆದರೆ ಒಮ್ಮೆ ಮಾಡಿ ನೋಡಿ. 4ರಿಂದ ಶುರು ಮಾಡಿ, 3 ಮತ್ತು 5 ಎರಡನ್ನೂ ಪರೀಕ್ಷಿಸಿ. ತಗ್ಗು ದನಿಯ ಹೆಂಗಸರಿದ್ದಾರೆ. ಅವರಿಗೆ ಗಂಡುದನಿಯ ಹಾಡು ಇದ್ದ ಸ್ಥಾಯಿಯಲ್ಲೇ ಒಂದೆರಡು ಮೆಟ್ಟಿಲು ಏರಿಸಿದರೆ ಸಾಕು. ಅವರು ಸ್ಥಾಯಿ ಬದಲಿಸುವ ಗೋಜಿಗೆ ಹೋಗಬಾರದು.

ಯುಗಳ ಗೀತೆಗೆ ಒಂದೇ ಸ್ಕೇಲ್, ಇಬ್ಬರು ಹಾಡುಗರು. ಇಬ್ಬರ ಮೇಲಿನ ತುದಿಯನ್ನೂ ಬರೆದು, ಯಾರಿಗೆ ಕಷ್ಟ ಜಾಸ್ತಿಯೋ ಅವರ ಲೆಕ್ಕ ಹಿಡಿಯಿರಿ. ಎರಡು ಮೆಟ್ಟಿಲಿಗಿಂತ ಹೆಚ್ಚು ಅಲ್ಲಾಡಿಸಿದರೆ ಇನ್ನೊಬ್ಬರಿಗೆ ತೊಂದರೆ ಶುರುವಾಗುತ್ತದೆ.

ಲಕ್ಷಣ: ಸ್ಕೇಲ್ ಇಳಿಸಿದೆ, ಆದರೂ ಶ್ರುತಿ ಸೇರುತ್ತಿಲ್ಲ

ನಿಜವಾಗಿ ಇಳಿದಿದೆಯೇ ಎಂದು ಮೊದಲು ನೋಡಿ. ಯೂಟ್ಯೂಬ್‌ನಲ್ಲಿ ವೇಗವನ್ನು 0.75 ಮಾಡಿ "ಇಳಿಸಿದೆ" ಎನ್ನುವವರಿದ್ದಾರೆ. ಅಲ್ಲಿ ಹಾಡು ನಿಧಾನವಾಗುತ್ತದೆ, ಸ್ಕೇಲ್ ಇದ್ದಲ್ಲೇ ಇರುತ್ತದೆ. ಚರಣ ಮೊದಲಿನಷ್ಟೇ ಎತ್ತರ, ಜೊತೆಗೆ ಇನ್ನೂ ಹೆಚ್ಚು ಹೊತ್ತು ಹಿಡಿಯಬೇಕು!

ಇದರ ಉಲ್ಟಾ ತಪ್ಪೂ ಇದೆ. ಅಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಪಿಚ್, ಟೆಂಪೋ, ಸ್ಪೀಡ್ ಎಂದು ಬೇರೆ ಬೇರೆ ಆಯ್ಕೆಗಳಿವೆ. ನಮಗೆ ಬೇಕಾದ್ದು ಪಿಚ್ (ಸ್ವರದ ಎತ್ತರ) ಬದಲಿಸುವುದು, ಸೆಮಿಟೋನ್ (ನಮ್ಮ ಮೆಟ್ಟಿಲು) ಎಂಬ ಖಾನೆಯಲ್ಲಿ ಮೈನಸ್ 3 ಎಂದು ಹಾಕುವುದು. ಸ್ಪೀಡ್ ಬದಲಿಸಿದರೆ ಸ್ಕೇಲ್ ಇಳಿಯುತ್ತದೆ, ಜೊತೆಗೆ ತಾಳವೂ ಎಳೆಯುತ್ತದೆ. ಗುರುತು ಹಿಡಿಯುವುದು ಸುಲಭ. 4 ನಿಮಿಷದ ಹಾಡು 3 ಮೆಟ್ಟಿಲು ಇಳಿಸಿದ ಮೇಲೆ 4 ನಿಮಿಷ 45 ಸೆಕೆಂಡ್ ಆಗಿದ್ದರೆ ನೀವು ಸ್ಪೀಡ್ ಬದಲಿಸಿದ್ದೀರಿ. ಸರಿಯಾಗಿ ಮಾಡಿದ್ದರೆ 4 ನಿಮಿಷವೇ ಇರುತ್ತದೆ.

ಇಳಿದಿದೆ, ಆದರೂ ಸೇರುತ್ತಿಲ್ಲ ಎಂದರೆ ಕಾರಣ ನಿಮ್ಮ ಕಿವಿ. ಇಪ್ಪತ್ತು ವರ್ಷ ಕೇಳಿದ ಹಾಡಿನ ಮೂಲ ಶ್ರುತಿ ತಲೆಯಲ್ಲಿ ಕೂತಿರುತ್ತದೆ. ಟ್ರ್ಯಾಕ್ ಕೆಳಗೆ ಶುರುವಾದರೂ ಬಾಯಿ ಹಳೇ ಜಾಗಕ್ಕೇ ಹೋಗುತ್ತದೆ. ಹಾಡುವ ದಿನ ಮೂಲ ಹಾಡು ಕೇಳಬೇಡಿ. ಇಳಿಸಿದ ಟ್ರ್ಯಾಕಿನ ಮೊದಲ ಸಂಗೀತವನ್ನು ಎರಡು ಮೂರು ಸಲ ಹಾಕಿ, ಅದರ ಸಾ ಹಿಡಿದು ಗುನುಗಿ, ಆಮೇಲೆ ಸಾಹಿತ್ಯಕ್ಕೆ ಹೋಗಿ. ವಾರದಲ್ಲಿ ಒಗ್ಗಿಹೋಗುತ್ತದೆ.

ಜೊತೆಗೆ ಹಾರ್ಮೋನಿಯಂ ಅಥವಾ ಕೊಳಲು ಇದ್ದು, ಅದು ಟ್ರ್ಯಾಕಿಗೆ ಹೊಂದದೆ ಕಿವಿ ಚುಚ್ಚುತ್ತಿದ್ದರೆ ಬೇರೆ ಕಾರಣ. ಹಳೆಯ ಧ್ವನಿಮುದ್ರಣಗಳಲ್ಲಿ ಟೇಪ್ ಮತ್ತು ರೆಕಾರ್ಡಿನ ವೇಗ ಚೂರು ಹೆಚ್ಚುಕಮ್ಮಿಯಾಗಿ ಸ್ವರ ಎರಡು ಕೀಗಳ ನಡುವೆ ಬಿದ್ದಿರುತ್ತದೆ. ಒಂದು ಮೆಟ್ಟಿಲಿಗೆ 100 ಸೆಂಟ್. ಟ್ಯೂನರ್‌ನಲ್ಲಿ ಟ್ರ್ಯಾಕ್ 30 ಸೆಂಟ್ ಕೆಳಗಿದೆ ಎಂದು ಕಂಡರೆ, ಸೆಮಿಟೋನ್ ಖಾನೆಯಲ್ಲಿ 0.3 ಹಾಕಿ ಏರಿಸಿ. ಹಾಡುವವರಿಗೆ ಇದು ಅಡ್ಡಿಯಲ್ಲ, ವಾದ್ಯದವರಿಗೆ ಮಾತ್ರ.

ಲಕ್ಷಣ: ಬದಲಿಸಿದ ಮೇಲೆ ಟ್ರ್ಯಾಕ್ ವಿಕಾರವಾಗಿ ಕೇಳುತ್ತದೆ

ಎರಡು ಮೆಟ್ಟಿಲಿನವರೆಗೆ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ನಾಲ್ಕು ದಾಟಿದ ಮೇಲೆ ತಬಲಾ ಡಬ್ಬ ಬಡಿದ ಹಾಗಾಗುತ್ತದೆ, ಕೋರಸ್‌ನ ಹುಡುಗಿಯರು ಗಂಡಸರಂತೆ ಕೇಳುತ್ತಾರೆ. ತಬಲಾದ ದನಿಯೂ ಟ್ರ್ಯಾಕಿನ ಜೊತೆಗೇ ಕೆಳಗಿಳಿಯುತ್ತದಲ್ಲ, ಅದಕ್ಕೆ. ಇಳಿಸಿದ ಫೈಲನ್ನೇ ಮತ್ತೆ ಇಳಿಸಿದ್ದೀರಾ ನೋಡಿ. ಮೈನಸ್ 2 ಸಾಲದೆ ಇನ್ನೊಂದು ಬೇಕಾದರೆ ಮೂಲ ಫೈಲಿಗೆ ಹೋಗಿ ಮೈನಸ್ 3 ಮಾಡಿ. ಪಿಚ್ ಬದಲಿಸುವಾಗ ಹೆಚ್ಚಿನ ಗುಣಮಟ್ಟದ ಆಯ್ಕೆ ಇದ್ದರೆ ಅದನ್ನೇ ಒತ್ತಿ, ಕೆಲಸ ನಿಧಾನವಾದರೂ ಪರವಾಗಿಲ್ಲ. ಆಗಲೂ ಸರಿಹೋಗದಿದ್ದರೆ ನಿಮ್ಮ ಸ್ಕೇಲ್‌ನಲ್ಲೇ ಹೊಸದಾಗಿ ನುಡಿಸಿ ಟ್ರ್ಯಾಕ್ ಮಾಡಿಕೊಡುವ ಕೀಬೋರ್ಡ್ ವಾದಕರನ್ನು ಕೇಳಿ. ಖರ್ಚಾಗುತ್ತದೆ. ವರ್ಷಗಟ್ಟಲೆ ಹಾಡುವ ಹಾಡಾದರೆ ಅದು ದಂಡವಲ್ಲ.

ಲಕ್ಷಣ: ತಾಳಕ್ಕಿಂತ ಹಿಂದೆ ಬೀಳುತ್ತೇನೆ

ಇದು ಸ್ಕೇಲ್‌ನ ದೋಷವಲ್ಲ. ಫೋನಿನ ಆ್ಯಪ್‌ಗೆ ಹಾಡಿ, ಅದನ್ನು ಬ್ಲೂಟೂತ್ ಸ್ಪೀಕರ್‌ನಲ್ಲಿ ಕೇಳುತ್ತಿದ್ದರೆ ನಿಮ್ಮ ದನಿ ತಡವಾಗಿ ಬರುತ್ತದೆ. ಬ್ಲೂಟೂತ್‌ನಲ್ಲಿ 100ರಿಂದ 200 ಮಿಲಿಸೆಕೆಂಡ್ ತಡ ಸಾಮಾನ್ಯ. ವೈರ್ ಹಾಕಿ. ಇಲ್ಲವೇ ಟ್ರ್ಯಾಕ್ ಮಾತ್ರ ಬ್ಲೂಟೂತ್‌ನಲ್ಲಿ ಬರಲಿ, ಮೈಕನ್ನು ನೇರ ಸ್ಪೀಕರಿಗೆ ಚುಚ್ಚಿ. ಆಗ ಪರದೆಯ ಸಾಹಿತ್ಯ ಚೂರು ಮುಂದೆ ಓಡಬಹುದು, ಅಷ್ಟೇ. ಅದನ್ನು ನೋಡದೆ ಟ್ರ್ಯಾಕಿಗೆ ಕಿವಿ ಕೊಡಿ.

ಲಕ್ಷಣ: ಮನೆಯಲ್ಲಿ ಬರುತ್ತದೆ, ಹಾಲ್‌ನಲ್ಲಿ ಬರುವುದಿಲ್ಲ

ನಿಮ್ಮ ದನಿ ನಿಮಗೆ ಕೇಳುತ್ತಿದೆಯಾ? ಒಂದು ಕಿವಿಯನ್ನು ಅಂಗೈಯಿಂದ ಮುಚ್ಚಿ ಹಾಡಿ. ಕೂಡಲೇ ಶ್ರುತಿ ಸರಿಯಾದರೆ ದೋಷ ಸ್ಪೀಕರ್ ಇಟ್ಟ ಜಾಗದಲ್ಲಿದೆ. ಸುತ್ತ ಸದ್ದು ಜಾಸ್ತಿಯಾದಾಗ ಮನುಷ್ಯ ತಾನಾಗಿಯೇ ಗಟ್ಟಿಯಾಗಿ ಹಾಡುತ್ತಾನೆ. ಗಟ್ಟಿಯಾದಾಗ ಗಂಟಲು ಬಿಗಿಯುತ್ತದೆ, ಮೇಲಿನ ತುದಿ ಕುಸಿಯುತ್ತದೆ. ಹಾಗಾಗಿ ಟ್ರ್ಯಾಕಿನ ದನಿ ಕಡಿಮೆ ಮಾಡಿ. ಸ್ಪೀಕರಿನ ಒಂದು ಬದಿಗೆ, ನಿಮಗೂ ಕೇಳುವ ಹಾಗೆ ನಿಲ್ಲಿ. ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಬೇಡಿ, ಅದರಿಂದ ಕುಂಯ್ ಎಂಬ ಕೂಗು ಶುರುವಾಗುತ್ತದೆ. ಎಕೋ ಗುಂಡಿಯನ್ನು ಅರ್ಧಕ್ಕೆ ಇಳಿಸಿ. ಎಕೋ ಜಾಸ್ತಿಯಾದರೆ ಹಿಂದಿನ ಸ್ವರ ಮುಂದಿನದರ ಮೇಲೆ ಬಿದ್ದು, ಶ್ರುತಿ ತಪ್ಪಿದ್ದು ನಿಮಗೇ ತಿಳಿಯುವುದಿಲ್ಲ.

ಇನ್ನೊಂದು ಕಾರಣ ಈ ಊರಿನದ್ದು. ಸಂಜೆ ಲೋಕಲ್ ರೈಲಿನಲ್ಲಿ ಒಂದು ಗಂಟೆ ನಿಂತು, ಆ ಗದ್ದಲದ ಮೇಲೆ ದನಿ ಏರಿಸಿ ಮಾತಾಡಿಕೊಂಡು ಬಂದಿರುತ್ತೀರಿ. ಇಳಿದವರೇ ಹಾಲ್‌ಗೆ ಬಂದು ಮೈಕ್ ಹಿಡಿಯುತ್ತೀರಿ. ಭಾನುವಾರ ಮಧ್ಯಾಹ್ನ ಅಳೆದ ತುದಿ ಆಗ ಎಲ್ಲಿ ಸಿಗಬೇಕು? ಹಾಡುವ ಹೊತ್ತಿನಲ್ಲೇ ತುದಿ ಅಳೆಯಿರಿ. ಪ್ರಯಾಣ ಮಾಡಿ ಬರುವವರಿಗೆ ನಾನು ಒಂದು ಮೆಟ್ಟಿಲು ಹೆಚ್ಚೇ ಇಳಿಸಿಟ್ಟಿರುತ್ತೇನೆ. ನೀರು ಕುಡಿದು, ಐದು ನಿಮಿಷ ತುಟಿಯನ್ನು ಬುರ್ ಎನ್ನಿಸುತ್ತಾ ಮೇಲೆ ಕೆಳಗೆ ಹೋಗಿ, ಬಾಯಿ ಮುಚ್ಚಿ ಗುನುಗಿ. ಆಮೇಲೆ ಹಾಡಿ.

ತಾರಸಿಯಲ್ಲೋ ಅಂಗಳದಲ್ಲೋ ಹಾಡುವವರು ಗಡಿಯಾರವನ್ನೂ ನೋಡಬೇಕು. 2000ರ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬದ ವಿಶೇಷ ಅನುಮತಿ ಬೇರೆ ಮಾತು. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್.

ಇಲ್ಲಿ ನಿಲ್ಲಿಸಿ: ಮೈಕ್ ಮುಟ್ಟಿದರೆ ಜುಮ್ ಎನ್ನುತ್ತದೆ

ತುಟಿಗೆ, ಬೆರಳಿಗೆ ಚೂರೇ ಚೂರು ಜುಮ್ ಎಂದರೂ ಹಾಡು ನಿಲ್ಲಿಸಿ. ಮೈಕನ್ನು ಮತ್ತೆ ಮುಟ್ಟಿ ಪರೀಕ್ಷೆ ಮಾಡಬೇಡಿ. ಒಣ ಕೈ, ಕಾಲಲ್ಲಿ ಚಪ್ಪಲಿ, ಗೋಡೆಯ ಸ್ವಿಚ್ ಆಫ್, ಆಮೇಲೆ ಪ್ಲಗ್ ಎಳೆಯಿರಿ. ಅರ್ಥಿಂಗ್ ಇಲ್ಲದ ಸಾಕೆಟ್, ಮೂರು ಪಿನ್ನಿನ ಪ್ಲಗ್‌ಗೆ ಹಾಕಿದ ಎರಡು ಪಿನ್ನಿನ ಅಡಾಪ್ಟರ್, ಒಳಗೆ ಕೆಟ್ಟ ಆಂಪ್ಲಿಫೈಯರ್, ಇವುಗಳಲ್ಲಿ ಯಾವುದೂ ಇರಬಹುದು. ಮಳೆಗಾಲದಲ್ಲಿ ಹಾಲ್‌ನ ನೆಲವೇ ಬೆವರುತ್ತದೆ, ಬರಿಗಾಲಲ್ಲಿ ನಿಂತು ಹಾಡುವ ಅಭ್ಯಾಸ ನಮ್ಮದು. ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡಿ ಸರಿ ಎನ್ನುವವರೆಗೆ ಆ ಸಾಕೆಟ್ ಮುಟ್ಟುವ ಹಾಗಿಲ್ಲ. ಆಂಪ್ಲಿಫೈಯರ್ ಬಿಚ್ಚುವುದು ಮನೆಯ ಕೆಲಸವಲ್ಲ.

ಇಲ್ಲೂ ನಿಲ್ಲಿಸಿ: ಗಂಟಲು ನೋವು, ದನಿ ಕಟ್ಟುವುದು

ಸರಿಯಾದ ಸ್ಕೇಲ್‌ನಲ್ಲಿ ಹಾಡಿದರೆ ಗಂಟಲು ನೋಯುವುದಿಲ್ಲ. ನೋವು ಬಂದರೆ ಆ ಹಾಡು ಅಂದಿಗೆ ಸಾಕು. ಮರಗಟ್ಟಿಸುವ ಸ್ಪ್ರೇ ಹಾಕಿಕೊಂಡು ಹಾಡಲೇಬೇಡಿ, ನೋವಿನ ಸೂಚನೆ ಮುಚ್ಚಿಹೋಗಿ ಪೆಟ್ಟು ದೊಡ್ಡದಾಗುತ್ತದೆ. ದನಿ ಕಟ್ಟಿದಾಗ ಪಿಸುಗುಟ್ಟುವುದೂ ವಿಶ್ರಾಂತಿಯಲ್ಲ, ಅದಕ್ಕೂ ಗಂಟಲು ಬಿಗಿಯುತ್ತದೆ. ಮಾತು ಕಡಿಮೆ ಮಾಡಿ, ನೀರು ಕುಡಿಯಿರಿ.

ಎತ್ತರದ ಸ್ವರ ಹಾಡುತ್ತಿರುವಾಗಲೇ ದನಿ ಥಟ್ಟನೆ ಹೋಯಿತು ಎಂದರೆ ಕಾಯಬಾರದು. ಧ್ವನಿತಂತುವಿನಲ್ಲಿ ರಕ್ತಸ್ರಾವ ಆಗಿರಬಹುದು. ಮಾತು ನಿಲ್ಲಿಸಿ, ಆದಷ್ಟು ಬೇಗ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ. ಉಗುಳಿನಲ್ಲಿ ರಕ್ತ, ನುಂಗಲು ಕಷ್ಟ, ಕತ್ತಿನಲ್ಲಿ ಗಂಟು ಇದ್ದರೂ ಹಾಗೆಯೇ. ಉಸಿರಾಟಕ್ಕೆ ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಹೋಗಿ. ನೆಗಡಿ ಹೋದ ಮೇಲೂ ಮೂರು ವಾರ ದನಿ ಒರಟಾಗೇ ಉಳಿದರೆ, ಅದರಲ್ಲೂ ಬೀಡಿ ಸಿಗರೇಟು ತಂಬಾಕು ಇರುವವರು, ಪರೀಕ್ಷೆ ಮಾಡಿಸಲೇಬೇಕು.

ನೋವಿಲ್ಲದೆ ತುದಿ ತಾನಾಗಿ ಬದಲಾಗುವುದು ಬೇರೆ ವಿಷಯ. ದನಿ ಒಡೆಯುವ ವಯಸ್ಸಿನ ಹುಡುಗರಿಗೆ ಹಳೆಯ ಸ್ಕೇಲ್‌ನಲ್ಲಿ ಹಾಡು ಎಂದು ಒತ್ತಾಯ ಮಾಡಬೇಡಿ, ಮೂರು ತಿಂಗಳಿಗೊಮ್ಮೆ ತುದಿ ಹೊಸದಾಗಿ ಅಳೆಯಿರಿ. ಮುಟ್ಟು ನಿಂತ ಮೇಲೆ ಹೆಂಗಸರ ದನಿಯೂ ತುಸು ತಗ್ಗುತ್ತದೆ. ಮೊದಲು ಕಪ್ಪು 4ರಲ್ಲಿ ಹಾಡುತ್ತಿದ್ದ ಅಕ್ಕ ಒಬ್ಬರು ಈಗ ನಮ್ಮ ಹಾಲ್‌ನಲ್ಲಿ ಬಿಳಿ 4ರಲ್ಲಿ ಹಾಡುತ್ತಾರೆ. ನೋಟ್‌ಬುಕ್ಕಿನಲ್ಲಿ ಅವರ ಎಲ್ಲ ಹಾಡುಗಳ ಮುಂದೆ ಹಳೆಯ ಅಂಕಿ ಹೊಡೆದು ಹೊಸದನ್ನು ಬರೆದಿದ್ದೇನೆ, ಪಕ್ಕದಲ್ಲಿ ತಿಂಗಳು ಹಾಕಿ.